ಚಾಡಿ ಹೇಳದ ಮನೆ ಕಟ್ಟಿದವರು

ಗಣಕಯಂತ್ರವೆಂದರೆ ಮೇಜಿನ ಮೇಲೆ ಠೀವಿಯಿಂದ ಕುಳಿತು ಮನುಷ್ಯರಿಂದ ಸೇವೆ ಮಾಡಿಸಿಕೊಳ್ಳುವ ಪೆಟ್ಟಿಗೆ ಎಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಅದನ್ನು ಮೇಜಿನಿಂದ ಇಳಿಸಿ, ಬಿಡಿಬಿಡಿಯಾಗಿ ಬಿಚ್ಚಿ, ಬಾಗಿಲ ಹಿಡಿಕೆಯೊಳಗೆ, ಕುರ್ಚಿಯ ಕಾಲೊಳಗೆ, ಗೋಡೆಯ ಹಲಗೆಯೊಳಗೆ ಸದ್ದಿಲ್ಲದೆ ಕೂರಿಸಿ, ಇನ್ನು ನೀನು ಮನೆಯವರ ಕೆಲಸ ನೋಡಿಕೊಂಡಿರು ಎಂದು ಅದಕ್ಕೆ ಬುದ್ಧಿ ಹೇಳಿದ ಕೆಲವೇ ಸಂಶೋಧಕರಲ್ಲಿ, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿ ಒಬ್ಬರು. ನಮ್ಮ ವಿಭಾಗದಲ್ಲಿ ಹೆಣ್ಣು ಅಧ್ಯಾಪಕರು ಈಗ ಹಲವರಿದ್ದಾರೆ. ಆದರೂ 'ಮೇಡಂ' ಎಂದರೆ ಒಬ್ಬರೇ. ಈ ಲೇಖನದಲ್ಲೂ ಅವರನ್ನು ಹಾಗೆಯೇ ಕರೆಯುವುದು ಸಹಜ.

ಅವರ ವಿದ್ಯಾಶಾಖೆಗೆ ಪುಸ್ತಕಗಳಲ್ಲಿ 'ಸರ್ವವ್ಯಾಪಿ ಗಣನೆ' ಎಂಬ ಗಂಭೀರವಾದ ಹೆಸರಿದೆ. ಮೇಡಂಗೆ ಆ ಹೆಸರು ಎಂದೂ ಹಿಡಿಸಲಿಲ್ಲ. "ಸರ್ವವ್ಯಾಪಿ ಅನ್ನೋದು ದೇವರಿಗೆ ಹೇಳೋ ಮಾತು ಕಣ್ರಮ್ಮ. ನಮ್ಮದು ನಾಲ್ಕು ವೈರು, ಒಂದು ಬ್ಯಾಟರಿ. ಅದೂ ಮಧ್ಯಾಹ್ನದ ಹೊತ್ತಿಗೆ ಕೈ ಕೊಡುತ್ತೆ" ಎಂದು ಮೊದಲ ತರಗತಿಯಲ್ಲೇ ಹೇಳಿ, ಹೆದರಿ ಕುಳಿತ ಹೊಸ ವಿದ್ಯಾರ್ಥಿಗಳ ಎದೆಯ ಭಾರ ಇಳಿಸುತ್ತಿದ್ದರು. ವಸ್ತು ತನ್ನ ಭಾಷೆಯಲ್ಲೇ ಉತ್ತರ ಕೊಡಬೇಕು, ದೀಪ ಬೆಳಕಿನಲ್ಲಿ, ಬಾಗಿಲು ಬಾಗಿಲಿನ ಹಾಗೆ, ಮನುಷ್ಯರ ಧ್ವನಿಯನ್ನು ಎರವಲು ತರಬಾರದು ಎಂಬುದು ಅವರು ಬೋಧಿಸಿದ ಮೊದಲ ಪಾಠ.

ಅವರು ಕೆಲಸಕ್ಕೆ ಸೇರಿದಾಗ ವಿಭಾಗದಲ್ಲಿ ದೊಡ್ಡ ಯಂತ್ರಗಳದ್ದೇ ದರ್ಬಾರು. ತಮಗೂ ಒಂದು ಕೋಣೆ ಬೇಕೆಂದು ಕೇಳಿದ ಹೊಸ ಉಪನ್ಯಾಸಕಿಗೆ, ಮುರಿದ ಪೀಠೋಪಕರಣಗಳನ್ನು ಎಸೆದಿಡುತ್ತಿದ್ದ ಉಗ್ರಾಣದ ಬೀಗದ ಕೈ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಂಡಿರುತ್ತಿದ್ದರೇನೋ. ಅವರು ಮಾತ್ರ ಕಾಲು ಮುರಿದ ಕುರ್ಚಿಗಳನ್ನೂ ಸರಿಯಾಗಿ ಮುಚ್ಚದ ಬೀರುಗಳನ್ನೂ ಕಂಡು, ಕೇಳದೆಯೇ ಸಂಶೋಧನೆಯ ಸಾಮಗ್ರಿ ಕೈಗೆ ಬಂತಲ್ಲ ಎಂದು ಹಿಗ್ಗಿದರು.

ಆ ಉಗ್ರಾಣದಲ್ಲಿ ಹುಟ್ಟಿದ ಮೊದಲ ವಸ್ತು, ಬೆಚ್ಚಗಾಗುವ ಬಾಗಿಲ ಹಿಡಿಕೆ. ಒಳಗೆ ಯಾರಾದರೂ ಇದ್ದರೆ ಹೊರಗಿನ ಹಿಡಿಕೆ ಉಗುರುಬೆಚ್ಚಗಿರುತ್ತಿತ್ತು, ಯಾರೂ ಇಲ್ಲದಿದ್ದರೆ ತಣ್ಣಗೆ. ಪ್ರಬಂಧದಲ್ಲಿ ಅವರು ಇದನ್ನು 'ಸ್ಪರ್ಶದ ಮೂಲಕ ಸೂಚನೆ' ಎಂದು ಬರೆದರು. ಬರೆಯದೆ ಬಿಟ್ಟದ್ದು ಅದರ ಹುಟ್ಟಿನ ಕಥೆ. ಹೊಸದಾಗಿ ಮದುವೆಯಾಗಿ ತುಂಬಿದ ಮನೆಗೆ ಬಂದಿದ್ದ ಹೆಂಗಸು, ದಿನವಿಡೀ ಪಾಠ ಮಾಡಿ ಬಸ್ಸಿನಲ್ಲಿ ನಿಂತು ಬಂದು, ಬಾಗಿಲ ಮುಂದೆ ನಿಂತಾಗ ಒಳಗೆ ಜನರಿದ್ದಾರೆಯೇ ಇಲ್ಲವೇ ಎಂಬುದು ಅವಳಿಗೆ ಸಣ್ಣ ಸಂಗತಿಯಲ್ಲ. ಇದ್ದರೆ ಮುಖವನ್ನು ಒಂದಿಷ್ಟು ಸರಿಮಾಡಿಕೊಂಡು ಒಳಗೆ ಹೋಗಬೇಕು. ಇಲ್ಲದಿದ್ದರೆ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ನೆಲದ ಮೇಲೆ ಕಾಲು ಚಾಚಬಹುದು. ಆ ಒಂದು ಕ್ಷಣದ ಮುನ್ಸೂಚನೆಗಾಗಿ ಮೇಡಂ ಒಂದಿಡೀ ವರ್ಷ ದುಡಿದರು.

ಹಿಡಿಕೆ ಆರಂಭದಲ್ಲಿ ಕೆಲವು ಅವಾಂತರ ಮಾಡಿತೆಂಬುದನ್ನೂ ಇಲ್ಲಿ ದಾಖಲಿಸಬೇಕು. ಆಗಿನ ನಿರ್ದೇಶಕರು ಉಗ್ರಾಣಕ್ಕೆ ಭೇಟಿ ಕೊಟ್ಟ ದಿನ ಅದು ಅತ್ಯುತ್ಸಾಹದಿಂದ ಕಾದು ಕೂತಿತ್ತು. ಮುಟ್ಟಿದವರು ಕೈ ಝಾಡಿಸಿಕೊಂಡು, "ಅಯ್ಯಯ್ಯೋ! ಒಳಗೆ ಎಷ್ಟು ಜನರನ್ನ ತುಂಬಿದೀರಿ ನೀವು?" ಎಂದು ಕೂಗಿದರು. ಒಳಗಿದ್ದವರು ಮೇಡಂ ಒಬ್ಬರೇ. ನಿರ್ದೇಶಕರು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಮುಂದಿನ ವರ್ಷದ ಅನುದಾನಕ್ಕೆ ಒಪ್ಪಿಗೆ ಕೊಟ್ಟರೆಂದು ವಿಭಾಗದಲ್ಲಿ ಇಂದಿಗೂ ಹೇಳುವುದುಂಟು.

ವಿದ್ಯಾರ್ಥಿನಿಯರು ಬಂದು ಸೇರಿಕೊಂಡಂತೆ ಉಗ್ರಾಣ ಪ್ರಯೋಗಾಲಯವಾಯಿತು. ಬೇರೆ ಪ್ರಯೋಗಾಲಯಗಳಲ್ಲಿ ಕತ್ತಲಾದ ಮೇಲೂ ಉಳಿದು ದುಡಿಯುವುದೇ ಹೆಗ್ಗಳಿಕೆಯಾಗಿದ್ದಾಗ, ಇಲ್ಲಿ ಸಂಜೆ ಐದಕ್ಕೆ ವೈರು ಜೋಡಿಸುವ ಬೆಸುಗೆ ಕಡ್ಡಿಗಳೆಲ್ಲ ಆರಬೇಕಿತ್ತು. "ಮನೆ ಬಗ್ಗೆ ಸಂಶೋಧನೆ ಮಾಡೋರು ಮನೆಗೇ ಹೋಗದಿದ್ರೆ ಹೇಗ್ರೇ? ಎದ್ದೇಳಿ!" ಎಂದು ಎಬ್ಬಿಸುತ್ತಿದ್ದರು. ಮನೆಗೆ ಹೋಗಿ ಇನ್ನೊಂದು ಪಾಳಿ ದುಡಿಯಬೇಕಾದವರು ತಮ್ಮಲ್ಲಿ ಯಾರೆಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿ ಯಾರನ್ನೂ ಮುಜುಗರಕ್ಕೆ ಒಡ್ಡದೆ, ಎಲ್ಲರಿಗೂ ಒಂದೇ ನಿಯಮ ಮಾಡಿ ಕೆಲವರನ್ನು ಕಾಪಾಡಿದರು. ಒಬ್ಬಾಕೆ ಬಸುರಿಯಾದಾಗ ಬೆಸುಗೆಯ ಹೊಗೆ ಅವಳತ್ತ ಬಾರದಂತೆ, ಭಾರದ ಮೇಜನ್ನು ಕಿಟಕಿಯ ಬಳಿಗೆ ತಾವೇ ಭುಜ ಕೊಟ್ಟು ತಳ್ಳಿದರು. ಕೇಳಿದವರಿಗೆ, ಅಲ್ಲಿ ಬೆಳಕು ಚೆನ್ನಾಗಿದೆ ಎಂದಷ್ಟೇ ಹೇಳಿದರು.

ಅವರು ಹಾಕಿಕೊಟ್ಟ ಇನ್ನೊಂದು ಪದ್ಧತಿ ಈ ಕಥೆಗೆ ಮುಖ್ಯ. ಯಾವ ವಸ್ತುವನ್ನು ಮಾಡಿದರೂ ಅದನ್ನು ಮೊದಲು ಒಂದು ಮನೆಯಲ್ಲಿ ಬಾಳಿಸಬೇಕು. ಆಮೇಲೆ ಆ ಮನೆಯವರನ್ನು ಪ್ರಯೋಗಾಲಯಕ್ಕೆ ಕರೆಸಿ, ಚಹಾ ಕೊಟ್ಟು, ಅವರು ಹೇಳುವುದನ್ನೆಲ್ಲ ಕೇಳಬೇಕು. ಅವರು ಮಾತು ಮುಗಿಸಿ ಏಳುವವರೆಗೆ, ಮಾಡಿದವರು ಒಂದು ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿ ಕೂರಬೇಕು. ಸಮಜಾಯಿಷಿ ಇಲ್ಲ, ಅದು ಹಾಗಲ್ಲ ಎನ್ನುವಂತಿಲ್ಲ, ನಿಟ್ಟುಸಿರು ಕೂಡ ಬಿಡುವಂತಿಲ್ಲ. ಒಬ್ಬ ವಿದ್ಯಾರ್ಥಿನಿ ಮೇಡಂ ಮಾತು ಮೀರಿ ಮಾತಾಡುವ ಬೀರು ಮಾಡಿದ್ದಳು. ಅವಳ ಚಿಕ್ಕಮ್ಮ ಬಂದು, "ಮನೇಲಿ ಮಾತಾಡೋರು ಸಾಲದು ಅಂತ ಈಗ ಬೀರೂ ಶುರು ಹಚ್ಕೊಂಡಿದೆ. ಅದಕ್ಕೂ ನಾನೇ ಹೂಂಗುಟ್ಟಬೇಕು" ಎಂದಾಗ ಹುಡುಗಿಯ ಕಣ್ಣಲ್ಲಿ ನೀರಾಡಿತು. ಮೇಡಂ ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಮಗ್ಗುಲು ಬದಲಿಸಿದಾಗಲೆಲ್ಲ ಹೊತ್ತಿಕೊಳ್ಳುತ್ತಿದ್ದ ತಮ್ಮದೇ ಹಾಸಿಗೆ ದೀಪದ ಕಥೆ ಹೇಳಿದರು. ಅದು ಇದ್ದಷ್ಟು ದಿನ ಅವರ ಯಜಮಾನರು ದಿಂಬು ಹೊತ್ತುಕೊಂಡು ಹಾಲ್‌ಗೆ ವಲಸೆ ಹೋಗಿದ್ದರಂತೆ. ಹುಡುಗಿ ನಕ್ಕು ಬೀರಿನ ಬಾಯಿ ಮುಚ್ಚಿಸಿದಳು.

ಸೇವೆಯ ನಡುಗಾಲದಲ್ಲಿ ಅವರ ಬಹುದಿನದ ಆಸೆ ಕೈಗೂಡಿತು. ಸಂಸ್ಥೆಯ ಆವರಣದಲ್ಲಿ ಖಾಲಿ ಬಿದ್ದಿದ್ದ ಒಂದು ಕ್ವಾರ್ಟರ್ಸ್ ಅವರಿಗೆ ಸಿಕ್ಕಿತು. ಎರಡು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ, ಅದರ ಹಿಂದೆ ವಾಷಿಂಗ್ ಮೆಷಿನ್ ಇಡುವಷ್ಟು ಇಕ್ಕಟ್ಟಿನ ಜಾಗ. ಒಂದು ಪೀಠೋಪಕರಣ ಕಂಪನಿ ಖರ್ಚು ಹೊತ್ತುಕೊಳ್ಳಲು ಮುಂದೆ ಬಂತು. ಮೇಡಂ ತಮ್ಮ ಇಬ್ಬರು ಯುವ ಸಂಶೋಧಕಿಯರೊಂದಿಗೆ ನೆಲದ ಟೈಲ್ಸ್ ಎಬ್ಬಿಸಿ, ಪ್ರತಿಯೊಂದರ ಕೆಳಗೂ ಹೆಜ್ಜೆಯ ಒತ್ತಡ ಗುರುತಿಸುವ ತೆಳುವಾದ ಹಾಳೆ ಹಾಸಿ, ಮತ್ತೆ ಕೂರಿಸಿದರು. ಈ ಇಬ್ಬರನ್ನು ವಿಭಾಗವೆಲ್ಲ 'ಎತ್ತರದವಳು', 'ಕನ್ನಡಕದವಳು' ಎಂದೇ ಕರೆಯುತ್ತಿತ್ತು. ಮೂವರ ಮಂಡಿಗಳೂ ಆ ವರ್ಷ ಸವೆದವು.

ಆ ಶ್ರಮದ ಶಿಖರವೇ ಹಾಲ್‌ನ ಗೋಡೆಯ ಹಲಗೆ. ನುಣುಪಾದ ಮರದ ಮೇಲೆ ಇಡೀ ಮನೆಯ ನಕ್ಷೆ ಕೆತ್ತಿ, ಪ್ರತಿ ಕೋಣೆಯಲ್ಲೂ ಸಣ್ಣ ಬಣ್ಣದ ದೀಪಗಳನ್ನಿಟ್ಟಿದ್ದರು. ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನೆಲ ಅವರವರ ನಡಿಗೆ ಗುರುತಿಸುತ್ತಿತ್ತು, ಯಾರು ಯಾವ ಕೋಣೆಯಲ್ಲಿದ್ದಾರೋ ಅಲ್ಲಿ ಅವರ ಬಣ್ಣ ಬೆಳಗುತ್ತಿತ್ತು. ಕಂಪನಿಯವರು ಅದನ್ನು ನೋಡಿ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಒಂದು ಕುಟುಂಬ ಅಲ್ಲಿ ಒಂದಷ್ಟು ಕಾಲ ಬಾಳಿ ನೋಡಲಿ, ಎಲ್ಲ ಸರಿಹೋದರೆ ಮುಂದಿನ ವರ್ಷಗಳ ಒಪ್ಪಂದಕ್ಕೆ ಸಹಿ, ಇಲ್ಲವಾದರೆ ಕ್ವಾರ್ಟರ್ಸ್ ಸಂಸ್ಥೆಗೆ ವಾಪಸು ಎಂದು ಮಾತಾಯಿತು. ಮನೆಯ ಜೊತೆಗೆ ಆ ಇಬ್ಬರು ಹುಡುಗಿಯರ ಕೆಲಸವೂ ಆ ಸಹಿಯ ತುದಿಗೆ ನೇತಾಡುತ್ತಿತ್ತು.

ಕುಟುಂಬ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮೇಡಂ ಅವರ ನಾದಿನಿಯ ಮನೆಯಲ್ಲಿ ನೀರಿನ ಪೈಪುಗಳೆಲ್ಲ ಒಡೆದು, ನೆಲ ಅಗೆದು, ರಿಪೇರಿ ನಡೆಯುತ್ತಿತ್ತು. ನಾದಿನಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಬಾಯಿ ತೆರೆದರೆ ಎದುರಿದ್ದವರಿಗೆ ಉಳಿಗಾಲವಿಲ್ಲ ಎಂಬ ಖ್ಯಾತಿಯವರು. ಗಂಡ ವಿಮಾ ಕಚೇರಿಯ ಸಾಧು ಪ್ರಾಣಿ. ಇಬ್ಬರು ಹೆಣ್ಣುಮಕ್ಕಳು. "ಅತ್ತಿಗೆ, ನಮ್ಮನ್ನ ಬೋನಿನಲ್ಲಿಟ್ಟು ನೋಡ್ತೀರಾ? ನೋಡಿ. ಬಾಡಿಗೆ ಉಳೀತು" ಎಂದು ಸಾಮಾನು ಸಮೇತ ಬಂದಿಳಿದರು.

ಕೆಲವು ವಾರಗಳ ಮೇಲೆ ಬಾಯಿಗೆ ಬೀಗದ ಸರದಿ ಮೇಡಂ ಅವರದೇ ಆಯಿತು. ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತರು. ನಾದಿನಿಯ ಗಂಡ ಶುರುಮಾಡಿದರು.

"ಭಾರಿ ಅನುಕೂಲ ಆಗಿದೆ ಅಕ್ಕಾ. ಮುಂಚೆ ಇವಳನ್ನ ಕರೀಬೇಕಾದ್ರೆ ಗಂಟಲು ಹರ್ಕೋಬೇಕಿತ್ತು. ಈಗ ಹಲಗೆ ನೋಡಿದ್ರೆ ಸಾಕು."

"ನಂಗೂ ಇಷ್ಟ ಅತ್ತೆ" ಎಂದಳು ದೊಡ್ಡ ಮಗಳು. "ಅಮ್ಮ ಅಡುಗೆಮನೆ ಬಿಟ್ಟ ತಕ್ಷಣ ಗೊತ್ತಾಗುತ್ತೆ. ಫೋನ್ ಕೆಳಗಿಟ್ಟು ಪುಸ್ತಕ ತಗೊಳ್ಳೋಕೆ ಟೈಮ್ ಸಿಗುತ್ತೆ."

"ಓಹೋ! ಹಾಗಾ ಸಮಾಚಾರ?" ಎಂದರು ನಾದಿನಿ. ಹುಡುಗಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕ ಮೇಲೆ ನಾದಿನಿ ಚಹಾದ ಲೋಟ ಕೆಳಗಿಟ್ಟರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ಚೆನ್ನಾಗಿದೆ, ಆದ್ರೆ ಚಾಡಿ ಹೇಳುತ್ತೆ."

ಮೇಡಂ ಬಾಯಿ ತೆರೆಯಲು ಹೋಗಿ ಮುಚ್ಚಿದರು. ತಾವೇ ಮಾಡಿದ ನಿಯಮ.

"ನಮ್ಮನೇಲಿ ಅಡುಗೆಮನೆ ಹಿಂದೆ ಬಟ್ಟೆ ಒಗೆಯೋ ಜಾಗ ಇದೆಯಲ್ಲ, ಸ್ಕೂಲಿಂದ ಬಂದವಳು ಅಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಸ್ವಲ್ಪ ಹೊತ್ತು ಕೂತಿರ್ತೀನಿ. ದಿನಾ. ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲ."

"ಅಲ್ಲಿ ಕೂತು ಏನ್ಮಾಡ್ತೀಯಾ?" ಗಂಡ ಗಾಬರಿಯಾದರು.

"ಏನೂ ಮಾಡಲ್ಲ. ಅದೇ ಅದರ ಸುಖ. ಅಳಲ್ಲ, ಯೋಚನೆ ಮಾಡಲ್ಲ, ಸುಮ್ನೆ ಇರ್ತೀನಿ. ನಿಮ್ಮ ಆ ಮನೇಲೂ ಕೂತೆ. ಮೊದಲನೇ ದಿನ ಚಿಕ್ಕವಳು ಬಂದ್ಲು, ಅಮ್ಮಾ ಇಲ್ಯಾಕೆ ಕೂತಿದೀಯ ಅಂತ. ಮಾರನೇ ದಿನ ಇವರು ಬಂದ್ರು, ಹುಷಾರಿಲ್ವಾ ಅಂತ. ಅದರ ಮಾರನೇ ದಿನ ಮೂರೂ ಜನ ಒಟ್ಟಿಗೇ ಬಂದ್ರು, ಒಂದು ಕುರ್ಚಿ, ಒಂದು ಲೋಟ ಚಹಾ ತಗೊಂಡು. ಪ್ರೀತಿಯಿಂದಲೇ ಬಂದ್ರು ಅತ್ತಿಗೆ. ಬೈಯೋಕೂ ಬಾಯಿ ಬರಲ್ಲ. ಈಗ ಬೇಡದ ಸೂಜಿ ದಾರ ತರ್ತೀನಿ ಅಂತ ಅಂಗಡಿ ಬೀದಿಗೆ ಹೋಗಿ ಸುತ್ತಾಡ್ತೀನಿ. ಮನೇಲಿ ಎಷ್ಟು ದಾರ ಆಗಿದೆ ಅಂದ್ರೆ, ನಾಳೆ ನಾನೇ ಅಂಗಡಿ ಇಡಬಹುದು."

ಮಕ್ಕಳು ನಕ್ಕರು. ಗಂಡ ನಗಲಿಲ್ಲ. "ನಂಗೆ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ವಲ್ಲ" ಎಂದರು ಮೆತ್ತಗೆ.

"ಹೇಳಿಬಿಟ್ರೆ ಅದು ಅದಾಗಿ ಉಳಿಯಲ್ಲ ಕಣ್ರೀ."

ಆ ಮಾತು ಮೇಡಂ ಅವರ ಎದೆಯಲ್ಲಿ ಎಲ್ಲೋ ಹೋಗಿ ಕುಳಿತಿತು. ಆ ಸಂಜೆ ಖಾಲಿ ಪ್ರಯೋಗಾಲಯದಲ್ಲಿ ಒಬ್ಬರೇ ಕುಳಿತಾಗ ಅವರಿಗೆ ತಮ್ಮ ಮೊದಲ ವರ್ಷಗಳು ನೆನಪಾದವು. ತುಂಬಿದ ಮನೆಯಿಂದ ಬೇಗ ಹೊರಟು ಉಗ್ರಾಣಕ್ಕೆ ಬಂದು, ಬಾಗಿಲು ಹಾಕಿ, ಕೆಲಸ ಶುರುಮಾಡುವ ಮೊದಲು ಕೂರುತ್ತಿದ್ದ ಆ ಸ್ವಲ್ಪ ಹೊತ್ತು. ತಮಗೆ ಸಂಶೋಧನೆಯ ಮೇಲೆ ಎಲ್ಲಿಲ್ಲದ ಪ್ರೀತಿಯೆಂದು ಎಲ್ಲರೂ ಹೇಳುತ್ತಿದ್ದರು, ತಾವೂ ಹಾಗೆಯೇ ತಿಳಿದಿದ್ದರು. ಆ ಪ್ರೀತಿಯ ಒಂದು ಪಾಲು, ಯಾರೂ ಬಂದು ತಟ್ಟದ ಆ ಬಾಗಿಲಿಗೆ ಸೇರಿದ್ದೆಂದು ಅವರಿಗೆ ಈಗ ಹೊಳೆಯಿತು. ಗಂಡ ಒಳ್ಳೆಯವರು, ಅತ್ತೆ ಒಳ್ಳೆಯವರು, ಯಾರ ಮೇಲೂ ದೂರಿಲ್ಲ. ಆದರೂ ಎಲ್ಲರ ಕಣ್ಣಿನಿಂದ ಒಂದಿಷ್ಟು ಹೊತ್ತು ಜಾರಿಹೋಗುವುದು ಊಟ ನಿದ್ದೆಗಳಷ್ಟೇ ಬೇಕಾದದ್ದು. ಅದನ್ನು ಬಲ್ಲ ಹೆಂಗಸೇ, ನೆಲದ ಪ್ರತಿ ತುಂಡಿಗೂ ಕಣ್ಣು ಕೊಟ್ಟಿದ್ದಳು.

ಮರುದಿನ ಇಬ್ಬರು ಸಂಶೋಧಕಿಯರನ್ನೂ ಕೂರಿಸಿಕೊಂಡು ವಿಷಯ ಮುಂದಿಟ್ಟರು. ಕಂಪನಿಯವರು ಬರಲು ಕೆಲವೇ ದಿನಗಳಿದ್ದವು.

"ಒಂದು ಸ್ವಿಚ್ ಇಟ್ಟುಬಿಡೋಣ ಮೇಡಂ" ಎಂದಳು ಎತ್ತರದವಳು. "ಬೇಡ ಅನ್ಸಿದಾಗ ತಮ್ಮ ದೀಪ ಆರಿಸ್ಕೊಳ್ಳಲಿ."

"ಆರಿಸಿದ್ರೆ ಏನಾಗುತ್ತೆ ಹೇಳು? ನಾಲ್ಕು ದೀಪದಲ್ಲಿ ಮೂರೇ ಉರೀತಾವೆ. ಯಾಕೆ ಆರಿಸಿದೆ ಅಂತ ಕೇಳ್ತಾರೆ. ಆರಿಸಿದ್ದೂ ಒಂದು ಸುದ್ದಿನೇ ಆಯ್ತಲ್ಲ."

ಕನ್ನಡಕದವಳು, "ಹಾಗಿದ್ರೆ ಮನೆಗೇ ಗೊತ್ತಿರಬಾರದು" ಎಂದಳು.

"ಅದೇ" ಎಂದರು ಮೇಡಂ. "ಗೊತ್ತಿಲ್ಲದ್ದನ್ನ ಹೇಗೆ ಹೇಳುತ್ತೆ ಪಾಪ?"

ಮುಂದಿನ ಎರಡು ದಿನ ಆ ಮನೆಯಲ್ಲಿ ನಡೆದದ್ದನ್ನು ನೋಡಿದವರು ಮರೆಯಲಾರರು. ಒಂದು ವರ್ಷ ಮಂಡಿಯೂರಿ ಕೂರಿಸಿದ ಟೈಲ್ಸ್‌ಗಳನ್ನು ಉಳಿ ಸುತ್ತಿಗೆ ಹಿಡಿದು ಮೇಡಂ ತಾವೇ ಎಬ್ಬಿಸತೊಡಗಿದರು. ಮೊದಲನೆಯದನ್ನು ಎಬ್ಬಿಸಿ ಗೋಡೆಗೆ ಒರಗಿಸಿಟ್ಟರು. ಎರಡನೆಯದಕ್ಕೆ ನಾದಿನಿ ಸೀರೆ ಸೆರಗು ಸಿಕ್ಕಿಸಿ ಪಕ್ಕಕ್ಕೆ ಬಂದು ಕೂತರು. "ನಮ್ಮನೇಲೂ ಅಗೀತಿದಾರೆ, ಇಲ್ಲೂ ಅಗೀತಿದೀನಿ. ನನ್ನ ಹಣೇಲಿ ನೆಲಾನೇ ಬರೆದಿಲ್ಲ" ಎಂದು ಅವರು ಗೊಣಗಿದ್ದೇ ತಡ, ಸಂಶೋಧಕಿಯರೂ ಮಕ್ಕಳೂ ನಗುತ್ತಾ ಸೇರಿಕೊಂಡರು. ನಾದಿನಿಯ ಗಂಡ ಸಿಮೆಂಟಿನ ಪುಡಿ ಹೊತ್ತು ಹಾಕುತ್ತಾ ಬಾಗಿಲಿಗೂ ಅಂಗಳಕ್ಕೂ ಓಡಾಡಿದರು. ಯಾರು ಬಂದರು, ಯಾರು ಹೋದರು ಎಂದಷ್ಟೇ ತಿಳಿಸುವ ಹೊಸ್ತಿಲ ಬಳಿಯ ಹಾಳೆಯೊಂದನ್ನು ಬಿಟ್ಟು ಉಳಿದವೆಲ್ಲ ಹೊರಬಂದವು.

ಹಲಗೆಯೂ ಬದಲಾಯಿತು. ನಕ್ಷೆ ಹೋಗಿ ಬರಿಯ ನುಣುಪು ಮರ ಉಳಿಯಿತು. ಮನೆಯೊಳಗಿರುವವರ ಬಣ್ಣಗಳು ಸಾಲಾಗಿ ಬೆಳಗುತ್ತಿದ್ದವು, ಯಾರು ಯಾವ ಕೋಣೆಯಲ್ಲೆಂದು ಮಾತ್ರ ಇಲ್ಲ. ಯಾರಾದರೂ ಬೇಕಾದರೆ ಅವರ ಬಣ್ಣದ ಮೇಲೆ ಬೆರಳೊತ್ತಬೇಕು. ಆಗ ಮನೆಯ ಎಲ್ಲ ಬಾಗಿಲ ಚೌಕಟ್ಟುಗಳಲ್ಲೂ ಅವರಿಗೆಂದೇ ಗೊತ್ತುಮಾಡಿದ ಲಯದಲ್ಲಿ ಮೆಲ್ಲಗೆ ತಟ್ಟಿದ ಸದ್ದು ಕೇಳುತ್ತಿತ್ತು. ಕರೆಸಿಕೊಂಡವರು ತಮ್ಮ ಪಕ್ಕದ ಚೌಕಟ್ಟನ್ನು ತಟ್ಟಿದರೆ ಹಲಗೆಯಲ್ಲಿ ಅವರ ದೀಪ ಕಣ್ಣು ಮಿಟುಕಿಸುತ್ತಿತ್ತು. ತಟ್ಟದಿದ್ದರೆ ದೀಪ ಸುಮ್ಮನೆ ಉರಿಯುತ್ತಿತ್ತು. ಕೇಳಿಸಲಿಲ್ಲವೋ, ಕೈ ಬಿಡುವಿರಲಿಲ್ಲವೋ, ಮನಸ್ಸಿರಲಿಲ್ಲವೋ, ಅದು ಮನೆಗೆ ತಿಳಿಯದು.

ಕಂಪನಿಯ ಮಾರಾಟದ ಮುಖ್ಯಸ್ಥರು ನಿರ್ದೇಶಕರೊಂದಿಗೆ ಬಂದರು. ನಗುಮುಖದ, ಮಾತುಗಾರ ಮನುಷ್ಯ. ಹಲಗೆ ನೋಡಿ ಅವರ ನಗು ಅರ್ಧಕ್ಕೆ ನಿಂತಿತು.

"ಮೇಡಂ, ನಮಗೆ ತೋರಿಸಿದ್ದು ಇದಲ್ಲವಲ್ಲ? ಯಾರು ಎಲ್ಲಿದಾರೆ ಅಂತ ಕಾಣ್ತಿತ್ತು. ಅದೇ ಅಲ್ವಾ ಮಜಾ?"

"ಅದನ್ನ ಕಿತ್ತು ಹಾಕಿದ್ವಿ."

"ಕೆಟ್ಟುಹೋಯ್ತಾ?"

"ಇಲ್ಲ. ತುಂಬಾ ಚೆನ್ನಾಗಿ ಕೆಲಸ ಮಾಡ್ತಿತ್ತು."

ನಿರ್ದೇಶಕರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು, ಬಕೆಟ್ಟಿನ ಸಂಗತಿಯೊಂದನ್ನು ಬಿಟ್ಟು. ಅದನ್ನು ನಾದಿನಿಯೇ ಹೇಳಿಬಿಟ್ಟು, "ಸರ್, ನೀವು ಸಂಜೆ ಮನೆಗೆ ಹೋದ ತಕ್ಷಣ ಒಳಗೆ ಹೋಗ್ತೀರಾ?" ಎಂದು ಕೇಳಿದರು.

"ಹೂಂ... ಕೆಲವು ಸಲ ಕಾರಲ್ಲೇ ಸ್ವಲ್ಪ ಹೊತ್ತು ಕೂತಿರ್ತೀನಿ. ಹಾಡು ಮುಗಿಯೋವರೆಗೆ."

"ಮನೆಯವರಿಗೆ ಗೊತ್ತಾ?"

ಅವರು ಮನಸಾರೆ ನಕ್ಕರು. ಆದರೆ ನಗು ಬೇರೆ, ವ್ಯಾಪಾರ ಬೇರೆ. ಹಳೆಯ ಹಲಗೆಯ ಚಿತ್ರ ಜಾಹೀರಾತಿಗಾಗಿ ಆಗಲೇ ಅಚ್ಚಿಗೆ ಹೋಗಿತ್ತು. ಅದನ್ನು ಮತ್ತೆ ಕೂರಿಸಿಕೊಟ್ಟರೆ ಈಗಲೇ ಸಹಿ, ಬೇಕಿದ್ದರೆ ಈ ಹೊಸದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ ಎಂದರು. "ಒಪ್ಕೊಂಡುಬಿಡಿ ಮೇಡಂ, ಮನೆ ಉಳೀಲಿ" ಎಂದು ನಿರ್ದೇಶಕರು ಕಿವಿಯಲ್ಲಿ ಬೇಡಿದರು. ಚಹಾ ಮುಗಿಯುವವರೆಗೆ ಸಮಯ ಕೊಡಿ ಎಂದು ಮೇಡಂ ಅಡುಗೆಮನೆಗೆ ಹೋದರು.

ಅಲ್ಲಿ ಇಬ್ಬರು ಹುಡುಗಿಯರು ಲೋಟಗಳಿಗೆ ಚಹಾ ಸುರಿಯುತ್ತಿದ್ದರು. ಮೇಡಂಗೆ ಅವರ ಮುಖ ನೋಡುವುದೇ ಕಷ್ಟವಾಯಿತು. ಒಬ್ಬಳ ಸಂಬಳದಲ್ಲಿ ತಂಗಿಯ ಓದು, ಇನ್ನೊಬ್ಬಳದರಲ್ಲಿ ಇಡೀ ಮನೆ. ತಮ್ಮ ತತ್ವದ ಬೆಲೆಯನ್ನು ಬೇರೆಯವರ ಕೈಯಿಂದ ಕೊಡಿಸುವುದು ಎಂಥ ತತ್ವ ಎಂದು ಅವರ ಒಳಗೇ ಯಾರೋ ಕೇಳುತ್ತಿದ್ದರು.

"ಮೇಡಂ" ಎಂದಳು ಕನ್ನಡಕದವಳು, ಲೋಟದಿಂದ ಕಣ್ಣೆತ್ತದೆ. "ನಮ್ಮ ಕೆಲಸ ಹೋಗುತ್ತೆ ಅಂತ ಸಹಿ ಹಾಕಬೇಡಿ. ಆಮೇಲೆ ಆ ಹಲಗೆ ನೋಡಿದಾಗಲೆಲ್ಲ ನಮಗೆ ನಮ್ಮ ಸಂಬಳ ಕಾಣುತ್ತೆ."

"ನಂಗೂ ಮಂಡಿ ನೋವು ಮೇಡಂ" ಎಂದಳು ಎತ್ತರದವಳು. "ಆ ಟೈಲ್ಸ್ ಮತ್ತೆ ಕೂರಿಸೋಕೆ ನಾನಂತೂ ಸಿದ್ಧ ಇಲ್ಲ."

ಮೇಡಂ ಇಬ್ಬರನ್ನೂ ಒಮ್ಮೆ ತಬ್ಬಿಕೊಂಡು, ಟ್ರೇ ತಾವೇ ಎತ್ತಿಕೊಂಡು ಹಾಲ್‌ಗೆ ಬಂದರು. ಅತಿಥಿಗಳಿಗೆ ಚಹಾ ಕೊಟ್ಟು, ಬಹಳ ಸೌಜನ್ಯದಿಂದ, ಆಗುವುದಿಲ್ಲ ಎಂದರು.

ಮನೆ ಹೋಯಿತು. ಆ ಕ್ವಾರ್ಟರ್ಸ್ ಅತಿಥಿಗೃಹವಾಯಿತು. ಸಾಮಾನು ಕಟ್ಟುವ ದಿನ ಮೇಡಂ ಕಳಚಿದ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ನಾದಿನಿ ಪಕ್ಕದಲ್ಲಿ ಬಂದು ಕೂತು, "ಅತ್ತಿಗೆ, ನಮ್ಮನೇಲಿ ಪೈಪ್ ಕೆಲಸ ಮುಗೀತು. ಗೋಡೆಗೆ ಇನ್ನೂ ಗಾರೆ ಆಗಿಲ್ಲ. ನಿಮ್ಮ ವೈರು ಗೀರು ಏನಿದ್ರೂ ಈಗಲೇ ಎಳೆದುಬಿಡಿ. ಆಮೇಲೆ ಗೋಡೆ ಒಡೀತೀನಿ ಅಂದ್ರೆ ನಾನು ಸುಮ್ನಿರಲ್ಲ" ಎಂದರು.

ಹೀಗೆ ಮಾದರಿ ಮನೆಯ ಬದಲು ನಿಜವಾದ ಮನೆಯೇ ಪ್ರಯೋಗಾಲಯವಾಯಿತು. ನಾದಿನಿಯ ಸಹೋದ್ಯೋಗಿ ಶಿಕ್ಷಕಿಯರು ಊಟಕ್ಕೆ ಬಂದವರು ಹಲಗೆ ನೋಡಿ ತಮಗೂ ಬೇಕೆಂದರು. ಆ ವರ್ಷ ಮುಗಿಯುವ ಹೊತ್ತಿಗೆ ಮೇಡಂ ಮನೆಯಿಂದ ಮನೆಗೆ ಉಪಕರಣದ ಚೀಲ ಹೊತ್ತು ಓಡಾಡುತ್ತಿದ್ದರು. ಆ ಮನೆಗಳ ಅನುಭವವನ್ನು ಆಧರಿಸಿ ಅವರು ಬರೆದ ಪ್ರಬಂಧ, ಮನೆಗೆ ಏನೇನು ತಿಳಿಯಬಾರದು ಎಂಬ ಪ್ರಶ್ನೆಯನ್ನು ಈ ವಿದ್ಯಾಶಾಖೆಯಲ್ಲಿ ಸಂಕೋಚವಿಲ್ಲದೆ ಕೇಳುವಂತೆ ಮಾಡಿತು. ಅದನ್ನು ಓದಿ ಸಂಸ್ಥೆಯೇ ಹೊಸ ಅನುದಾನ ಕೊಟ್ಟಿತು. ನಡುವೆ ಕೆಲವು ಕಾಲ ಟ್ಯೂಷನ್ ಹೇಳಿಕೊಂಡು ದಿನ ತಳ್ಳಿದ್ದ ಇಬ್ಬರು ಸಂಶೋಧಕಿಯರೂ ಮರಳಿ ಬಂದರು. ಅವರಲ್ಲಿ ಒಬ್ಬರು ಇಂದು ನಮ್ಮ ವಿಭಾಗದ ಮುಖ್ಯಸ್ಥೆ.

ಕಂಪನಿ ಬೇರೆಯವರಿಂದ ಹಳೆಯ ಬಗೆಯ ಹಲಗೆ ಮಾಡಿಸಿ ಮಾರಿತು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅದೇ ಮಾರಾಟದ ಮುಖ್ಯಸ್ಥರು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಮೊದಮೊದಲು ಹಲಗೆಗೆ ಬೇಡಿಕೆಯಿತ್ತಂತೆ. ಆಮೇಲೆ ಹೋಗಿ ನೋಡಿದರೆ, ಒಂದು ಮನೆಯಲ್ಲಿ ಅದರ ಮೇಲೆ ಟವೆಲ್ ನೇತಾಡುತ್ತಿತ್ತು, ಇನ್ನೊಂದರಲ್ಲಿ ಅದರ ಮುಂದೆ ಬೀರು ನಿಂತಿತ್ತು.

"ನಿಮ್ಮನೇಲಿ?" ಎಂದು ಕೇಳಿದರು ಮೇಡಂ.

"ನನ್ನ ಹೆಂಡತಿ ಕ್ಯಾಲೆಂಡರ್ ತೂಗುಹಾಕಿದಾಳೆ. ಅದೂ ಹೋದ ವರ್ಷದ್ದು" ಎಂದು ಅವರು ತಲೆ ಕೆರೆದುಕೊಂಡರು. "ಮೇಡಂ, ಆ ಇನ್ನೊಂದು ಹಲಗೆ... ಈಗಲೂ ಕೊಡ್ತೀರಾ?"

ಮೇಡಂ ಚಹಾ ತರಿಸಿದರು. ಈ ಸಲ ಸಹಿ ಹಾಕಿದರು.

ಇದಾದ ಮೇಲೆ ಅವರು ಮಾಡಿದ ವಸ್ತುಗಳ ವಿವರ ಈ ಅಭಿನಂದನ ಗ್ರಂಥದ ಬೇರೆ ಲೇಖನಗಳಲ್ಲಿ ಬರುತ್ತದೆ. ಇಲ್ಲಿ ಒಂದು ಸಣ್ಣ ಪ್ರಸಂಗ ಹೇಳಿದರೆ ಸಾಕು. ನಾದಿನಿಯ ಚಿಕ್ಕ ಮಗಳು ಈಗ ಕೆಲಸಕ್ಕೆ ಹೋಗುವ ಹೆಣ್ಣು. ಮೊನ್ನೆ ನಾದಿನಿ ಫೋನು ಮಾಡಿ, "ಅತ್ತಿಗೆ, ಇದು ಅನ್ಯಾಯ. ಮಗಳ ದೀಪ ಒತ್ತಿ ಒತ್ತಿ ಬೆರಳು ನೋವು ಬಂತು. ಒಳಗೇ ಇದಾಳೆ, ಓಗೊಡ್ತಿಲ್ಲ. ಹೋಗಿ ನೋಡ್ಲಾ?" ಎಂದು ದೂರಿದರಂತೆ.

"ನೀನು ಹೋಗಿ ನೋಡೋದಾದ್ರೆ ಆವತ್ತು ಅಷ್ಟು ಟೈಲ್ಸ್ ಯಾಕೆ ಕೀಳಿಸ್ದೆ?" ಎಂದು ಮೇಡಂ ನಕ್ಕರು.

ಆ ಕಡೆ ನಾದಿನಿಯೂ ನಕ್ಕರು. "ಸರಿ ಬಿಡಿ. ಅವಳ ಪಾಲಿನ ಚಹಾ ಮುಚ್ಚಿಡ್ತೀನಿ. ಬಂದಾಗ ಕುಡೀತಾಳೆ."

ನಮ್ಮ ಮೇಡಂ ಇನ್ನೂ ಬಹುಕಾಲ ಆರೋಗ್ಯದಿಂದ, ನಗುನಗುತ್ತಾ ಬಾಳಲಿ. ಅವರ ಕೈಯ ಬೆಸುಗೆ ಕಡ್ಡಿ ಆರದಿರಲಿ, ಅವರ ಹೊಸ ವಸ್ತುಗಳು ಹೊಸ ಮನೆಗಳಲ್ಲಿ ಬಾಳಿ ಬೈಸಿಕೊಂಡು ಬೆಳೆಯಲಿ. ಸಲಹೆ ಬೇಕೆಂದು, ಮುನ್ನುಡಿ ಬೇಕೆಂದು, ಸುಮ್ಮನೆ ಧ್ವನಿ ಕೇಳಬೇಕೆಂದು ನಾವು ಅವರನ್ನು ಕರೆಯುತ್ತಲೇ ಇರುತ್ತೇವೆ, ಅದನ್ನು ಬಿಡುವವರು ನಾವಲ್ಲ. ಅವರಿಂದ ಉತ್ತರ ಬಾರದ ದಿನ, ಎಲ್ಲೋ ಯಾರ ಕಣ್ಣಿಗೂ ಬೀಳದೆ ಹಾಯಾಗಿ ಕುಳಿತಿದ್ದಾರೆಂದು ತಿಳಿದು ಸಂತೋಷಪಡುವಷ್ಟನ್ನು ಅವರೇ ನಮಗೆ ಕಲಿಸಿದ್ದಾರೆ.